ನೆಲಕ್ಕೆ ಮೂರು ಬಟ್ಟಲು

ಮಾರ್ಚ್ 6. ಮಂಜು.

ಹಳೆಯ ಕಾಲದ ವಿದಾಯ ಪದ್ಯಗಳ ಮೇಲೆ ಪ್ರಬಂಧ ಬರೆದವಳಿಗೆ ಚೊಂಗ್‌ಚಿಂಗಿನಲ್ಲಿ ಯಾರು ಕೆಲಸ ಕೊಡುತ್ತಾರೆ ಎಂದು ಅಮ್ಮ ಚಳಿಗಾಲವಿಡೀ ಕೇಳಿದಳು. ಇವತ್ತು ಉತ್ತರ ಸಿಕ್ಕಿತು: ಜ್ಯೆನ್ ಅಕ್ಕ.

ಆಕೆಯದು ಸಣ್ಣ ಸಂಸ್ಥೆ. ಚೀನಾ ನೋಡಲೆಂದು ಊರಿಗೆ ಬರುವ ವಿದೇಶಿಯರಿಗೆ ಉಳಿಯಲು ಕೋಣೆ, ಜೊತೆಗೆ ಸುತ್ತಲು ಒಬ್ಬರು, ಹೇಗೆ ನಡೆದುಕೊಳ್ಳಬೇಕೆಂಬ ಸಲಹೆ, ಇಷ್ಟನ್ನು ಒದಗಿಸುತ್ತದೆ. ಸಲಹೆ ಬರೆಯುವುದು ನನ್ನ ಪಾಲಿಗೆ ಬಂದಿದೆ. ಕ್ಯಾಮೆರಾ ಹಿಡಿಯುವ ಕುವಾಂಗ್ ಅಣ್ಣನನ್ನು ಬಿಟ್ಟರೆ ಕಚೇರಿಯಲ್ಲಿ ಬೇರೆ ಯಾರೂ ಇಲ್ಲ.

ಸಂದರ್ಶನದಲ್ಲಿ ನನ್ನ ಗಂಟಲಿಂದ ದನಿಯೇ ಹೊರಡಲಿಲ್ಲ.

"ಬಾಯಿ ಕೊಯ್ದ ಸೋರೆಬುರುಡೆ ಥರ ಕೂತಿದಾಳೆ ನೋಡು," ಎಂದಳು ಜ್ಯೆನ್ ಅಕ್ಕ.

"ಬರೆಯೋಕೆ ಬಾಯಿ ಯಾಕಕ್ಕ? ಕೈ ಇದೆಯಲ್ಲ," ಎಂದ ಕುವಾಂಗ್ ಅಣ್ಣ.

"ಮೇ ಕೊನೇವರೆಗೂ ನೋಡ್ತೀನಿ, ಪು ಮರಿ. ಆಮೇಲೆ ಇಟ್ಕೊಳ್ಳೋದೋ, ಅಮ್ಮನ ಮನೆ ಬಸ್ಸು ಹತ್ತಿಸೋದೋ ಹೇಳ್ತೀನಿ," ಎಂದಳು ಅಕ್ಕ. ಪು ನನ್ನ ಮನೆತನದ ಹೆಸರು.

ಸಂಜೆ ಮೊದಲ ಸಲಹೆ ಬರೆದೆ: "ಈ ಊರಿನವರು ದನಿ ಎತ್ತಿ ಮಾತಾಡುತ್ತಾರೆ, ಬೈಯುತ್ತಿದ್ದಾರೆಂದು ತಿಳಿಯಬೇಡಿ. ಗೊತ್ತಾಗದಿದ್ದರೆ ಪಕ್ಕದಲ್ಲಿರುವವರನ್ನು ಕೇಳಿ. ಕೇಳಿದವರನ್ನು ಇಲ್ಲಿ ಯಾರೂ ದಾರಿ ತಪ್ಪಿಸುವುದಿಲ್ಲ." ಎರಡು ಸಲ ಓದಿಕೊಂಡೆ. ಚೆನ್ನಾಗಿದೆ ಅನ್ನಿಸಿತು.

ಮಾರ್ಚ್ 11. ತುಂತುರು ಮಳೆ.

ಹೆನ್ನಿಂಗ್ ಅವರು ಬಂದರು. ಡೆನ್ಮಾರ್ಕಿನವರು, ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸುತ್ತಾರೆ. ಎಷ್ಟು ಎತ್ತರವೆಂದರೆ ನಮ್ಮ ಕಚೇರಿಯ ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾಯಿತು. ಏನು ಕೊಟ್ಟರೂ ಎರಡೂ ಕೈಯಿಂದ ತೆಗೆದುಕೊಳ್ಳುತ್ತಾರೆ. ಕುವಾಂಗ್ ಅಣ್ಣ ತಮಾಷೆಗೆ ಮೂಗು ಒರೆಸುವ ಕಾಗದ ಕೊಟ್ಟ. ಅದನ್ನೂ ಎರಡು ಕೈಯಲ್ಲಿ ಹಿಡಿದು ತಲೆಬಾಗಿದರು.

ಅವರು ಬಂದಿರುವುದು ಊರು ನೋಡಲು ಅಲ್ಲ. ಅಲ್ಲಿ ದಾದಿಯಾಗಿರುವ ಈ ಊರಿನ ಲಾನ್ ಶೂವೆನ್ ಎಂಬವರನ್ನು ಮದುವೆಯಾಗಬೇಕೆಂದಿದ್ದಾರೆ. ಶೂವೆನ್ ಅವರ ಅಪ್ಪನಿಗೆ ಏಪ್ರಿಲ್ ಕೊನೆಯಲ್ಲಿ ಎಪ್ಪತ್ತು ತುಂಬುತ್ತದೆ. ತಾಯಿ ಇಲ್ಲ. "ಆ ದಿನ ನನ್ನ ಮೇಜಿಗೆ ಕರ್ಕೊಂಡು ಬಾ. ಊಟಕ್ಕೆ ಕೂತಾಗ ಮನುಷ್ಯನ ಗುಣ ಗೊತ್ತಾಗುತ್ತೆ. ಆಮೇಲೆ ಹೂಂ ಅಂತೀನೋ ಉಹೂಂ ಅಂತೀನೋ ನೋಡು," ಎಂದಿದ್ದಾರಂತೆ ಅಪ್ಪ. ಅವರು ಉಹೂಂ ಅಂದರೆ ಶೂವೆನ್ ಮದುವೆಯಾಗುವುದಿಲ್ಲ. ಅದನ್ನು ಹೆನ್ನಿಂಗ್ ಅವರೇ ಹೇಳಿದರು, ದೂರುವ ದನಿಯಲ್ಲಲ್ಲ.

ಅದಕ್ಕೇ ಮೊದಲೇ ಬಂದು ನಡೆನುಡಿ ಕಲಿಯುತ್ತಿದ್ದಾರೆ. ಕೋಣೆ, ಜೊತೆ ನಮ್ಮದು; ಬದಲಿಗೆ ಅವರು ನಮ್ಮ ಕ್ಯಾಮೆರಾದ ಮುಂದೆ ಓಡಾಡಬೇಕು, ಆ ವಿಡಿಯೋಗಳನ್ನು ಜನ ಫೋನಿನಲ್ಲಿ ನೋಡಲೆಂದು ನಾವು ಹಾಕುತ್ತೇವೆ.

ಶೂವೆನ್ ಫೋನಿನಲ್ಲಿ ನನ್ನ ಹತ್ತಿರ ಮಾತಾಡಿದರು. "ತಂಗೀ, ಅವರನ್ನ ನಿನ್ನ ಕೈಗೆ ಹಾಕಿದೀನಿ. ಮಗು ಥರ ಮನುಷ್ಯ. ಹೇಳಿದ್ದನ್ನೆಲ್ಲ ನಂಬ್ತಾರೆ."

ಎಪ್ಪತ್ತಕ್ಕೆ ಏನು ಉಡುಗೊರೆ ಕೊಡಬಹುದೆಂದು ಹೆನ್ನಿಂಗ್ ಅವರು ಕೇಳಿದರು. ಊರುಗೋಲು ಮಾಡಿಕೊಡಿ, ಹಿಡಿಯಲ್ಲಿ ಪೀಚ್ ಹಣ್ಣು ಕೆತ್ತಿ, ಅದು ದೀರ್ಘಾಯುಷ್ಯದ ಗುರುತು ಎಂದೆ. ಅವರ ಮುಖ ಹೇಗೆ ಅರಳಿತೆಂದರೆ ನನಗೇ ನಾಚಿಕೆಯಾಯಿತು.

ಮಾರ್ಚ್ 14. ಮಂಜು.

ಬೈಸಿಕೊಂಡೆ.

ಮಧ್ಯಾಹ್ನ ಹೆನ್ನಿಂಗ್ ಅವರನ್ನು ಹಾಟ್‌ಪಾಟ್ ತಿನ್ನಿಸಲು ಕರೆದುಕೊಂಡು ಹೋಗಿದ್ದೆವು. ಕೆಂಪೆಣ್ಣೆ ಕೊತಕೊತ ಕುದಿಯುತ್ತಿತ್ತು. ಅವರು ಸೌಟು ತೆಗೆದುಕೊಂಡು ಆ ಎಣ್ಣೆಯನ್ನೇ ಸಾರು ಎಂದುಕೊಂಡು ಬಟ್ಟಲಿಗೆ ಬಗ್ಗಿಸಿಕೊಳ್ಳಲು ಹೋದರು. ನಾನು ಅವರ ಕೈ ಹಿಡಿದೆ. "ಇದನ್ನು ಕುಡಿಯುವುದಿಲ್ಲ. ಇದರಲ್ಲಿ ಬೇಯಿಸಿ, ತೆಗೆದು ತಿನ್ನುತ್ತೇವೆ." ಅವರು ಥ್ಯಾಂಕ್ಸ್ ಹೇಳಿದರು. ಕುವಾಂಗ್ ಅಣ್ಣ ಕ್ಯಾಮೆರಾ ಇಳಿಸಿದ.

ಕಚೇರಿಗೆ ಬಂದಮೇಲೆ ಜ್ಯೆನ್ ಅಕ್ಕ ಚಹಾದ ಮುಚ್ಚಳವನ್ನು ಮೇಜಿಗೆ ಕುಕ್ಕಿದಳು.

"ಕೈ ಹಿಡಿದ್ಯಂತೆ! ನೀನೇನು ಅವನ ತಾಯಿನಾ?"

"ಸಲಹೆ ಕೊಡೋದು ನನ್ನ ಕೆಲಸ ಅಲ್ವಾ ಅಕ್ಕ..."

"ಸಲಹೆ ಯಾರು ಓದ್ತಾರೆ? ಉದ್ದಮೂಗಿನವನು ಎಣ್ಣೆ ಕುಡಿದು ಕೆಮ್ಮೋದನ್ನ ಊರೆಲ್ಲ ನೋಡುತ್ತೆ. ಮೊದಲು ಅವನು ಎಡವಬೇಕು. ಆಮೇಲೆ ನೀನು ಬಂದು, ಹೀಗಲ್ಲ ಹೀಗೆ ಅನ್ನು. ಎಡವೋಕೆ ಮುಂಚೆ ಕಲ್ಲು ಎತ್ತಿಟ್ರೆ ನಮಗೆ ಏನು ಉಳೀತು?"

ಕುವಾಂಗ್ ಅಣ್ಣ ನಕ್ಕ. "ಸೋರೆಬುರುಡೆ ಬಾಯಿಬಿಟ್ಟಿದ್ದು ಇದೇ ಮೊದಲು. ಅದೂ ತಪ್ಪು ಹೊತ್ತಲ್ಲಿ."

ಶೌಚಾಲಯದಲ್ಲಿ ಸ್ವಲ್ಪ ಅತ್ತೆ. ಮೇ ಕೊನೆಯೆಂದರೆ ಹತ್ತಿರವೇ.

ಮಾರ್ಚ್ 23. ಮೋಡ.

ಹೆನ್ನಿಂಗ್ ಅವರು ಸಂತೆಬೀದಿಯಲ್ಲಿ ಹಸಿರು ಟೋಪಿ ಕೊಂಡರು. ಉಣ್ಣೆಯದು, ಎಲೆ ಹಸಿರು. ಗಂಡಸು ಹಸಿರು ಟೋಪಿ ಹಾಕಿದರೆ ಅವನ ಹೆಂಡತಿ ಬೇರೆಯವನ ಹಾಸಿಗೆಯಲ್ಲಿದ್ದಾಳೆಂದು ಅರ್ಥ. ಇದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಮಾರಿದ ಹೆಂಗಸೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಹೇಳೋಣವೆಂದುಕೊಂಡೆ. ಕುವಾಂಗ್ ಅಣ್ಣ ನನ್ನನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತು ತಡೆದು ಹೇಳೋಣವೆಂದುಕೊಂಡೆ. ಸೇತುವೆ ದಾಟಿದೆವು, ನೂಡಲ್ ಅಂಗಡಿಗೆ ಹೋದೆವು. "ಬಾರಪ್ಪ, ಮನೇಲಿ ಹೆಂಡತಿ ಕ್ಷೇಮಾನಾ?" ಎಂದು ಅಂಗಡಿಯವನು ಕೇಳಿದ, ಸುತ್ತಲಿದ್ದವರು ಬಟ್ಟಲಿನೊಳಗೆ ನಕ್ಕರು. ಹೆನ್ನಿಂಗ್ ಅವರು ಎಲ್ಲರಿಗೂ ಕೈ ಎತ್ತಿ ನಮಸ್ಕರಿಸಿದರು. ಇಲ್ಲಿನ ಜನ ಎಷ್ಟು ಬೇಗ ಹತ್ತಿರವಾಗುತ್ತಾರೆ ಎಂದರು.

ಸಂಜೆ ಫೋನಿನಲ್ಲಿ ಶೂವೆನ್ ನೋಡಿ ಹೇಳಿರಬೇಕು. ಟೋಪಿಯನ್ನು ಜೇಬಿನಲ್ಲಿ ತುರುಕಿಕೊಂಡು ನನ್ನ ಬಳಿ ಬಂದರು. ಬೈಯುತ್ತಾರೆಂದುಕೊಂಡೆ. "ನಿಮಗೆ ಸಂಕೋಚ. ಇಂಥದ್ದನ್ನು ಗಂಡಸಿಗೆ ಹೇಗೆ ಹೇಳುವುದು ಎಂದು ಒದ್ದಾಡಿರಬೇಕು. ನನಗೆ ಅರ್ಥವಾಗುತ್ತದೆ," ಎಂದರು.

ನಿಜ. ಸಂಕೋಚವೇ ಕಾರಣ.

ಮಾರ್ಚ್ 25.

ಹಸಿರು ಟೋಪಿಯ ವಿಡಿಯೋವನ್ನು ಜನ ಹಂಚಿಕೊಂಡಿದ್ದೇ ಹಂಚಿಕೊಂಡಿದ್ದು. ಜ್ಯೆನ್ ಅಕ್ಕ ತನ್ನ ಚಹಾದಲ್ಲಿ ನನಗೂ ಅರ್ಧ ಬಗ್ಗಿಸಿದಳು. "ಮರಿ ಕಣ್ಣು ಬಿಡ್ತಾ ಇದೆ," ಎಂದಳು. ನನ್ನ ಮೇಜನ್ನು ಬಾಗಿಲ ಪಕ್ಕದಿಂದ ಕಿಟಕಿಯ ಹತ್ತಿರ ಎಳೆಸಿದಳು. ಅಲ್ಲಿಂದ ನದಿ ಕಾಣಿಸುತ್ತದೆ, ಮಂಜಿಲ್ಲದಾಗ.

ಏಪ್ರಿಲ್ 4. ಬಿಸಿಲು, ಗಾಳಿ.

ಹಿರಿಯರ ಸಮಾಧಿ ಗುಡಿಸುವ ಹಬ್ಬ. ಎಲ್ಲರೂ ಊರಿಗೆ ಹೊರಟಿದ್ದರು. ಒಬ್ಬರೇ ಕೋಣೆಯಲ್ಲಿ ಏನು ಮಾಡುತ್ತಾರೆಂದು ಹೆನ್ನಿಂಗ್ ಅವರನ್ನೂ ನಮ್ಮೂರಿಗೆ ಕರೆದುಕೊಂಡು ಹೋದೆ. ಕ್ಯಾಮೆರಾ ಇರಲಿಲ್ಲ.

ಅಮ್ಮ ಮೊದಲು ಹೆದರಿದಳು. "ಅಯ್ಯೋ, ಇಷ್ಟುದ್ದ ಮನುಷ್ಯನಿಗೆ ನಮ್ಮ ಮಂಚ ಎಲ್ಲಿ ಸಾಲುತ್ತೆ?" ಆಮೇಲೆ ಅವರ ತಟ್ಟೆಗೆ ಒಂದರ ಮೇಲೊಂದು ಹಂದಿಮಾಂಸದ ತುಂಡು ಇಡುತ್ತಲೇ ಇದ್ದಳು. ಅವರು ತಿನ್ನುತ್ತಲೇ ಇದ್ದರು. ತಟ್ಟೆ ಖಾಲಿಯಾದರೆ ಮತ್ತೆ ಬಡಿಸುತ್ತಾರೆ, ಸ್ವಲ್ಪ ಬಿಟ್ಟರೆ ನಿಲ್ಲಿಸುತ್ತಾರೆ ಎಂದು ಪಿಸುಗುಟ್ಟಿದೆ. ಕೃತಜ್ಞತೆಯಿಂದ ನೋಡಿದರು.

ಗುಡ್ಡದಲ್ಲಿ ಅಜ್ಜಿಯ ಸಮಾಧಿಯ ಕಳೆಯನ್ನು ಅವರೇ ಕಿತ್ತರು. ಅಮ್ಮ ಊದುಬತ್ತಿ ಹಚ್ಚಿ, ಜೋಳದ ಸಾರಾಯಿಯನ್ನು ಪುಟ್ಟ ಬಟ್ಟಲಿಗೆ ಹಾಕಿ, ಮೂರು ಸಲ ನೆಲಕ್ಕೆ ಬಿಟ್ಟಳು. "ಅತ್ತೇ, ಕುಡೀರಿ. ನಿಮ್ಮ ಮೊಮ್ಮಗಳಿಗೆ ಕೆಲಸ ಸಿಕ್ಕಿದೆ. ಕೈಬಿಟ್ಟು ಹೋಗದ ಹಾಗೆ ನೋಡ್ಕೊಳ್ಳಿ."

ಇದೇನು ಎಂದು ಹೆನ್ನಿಂಗ್ ಅವರು ಕೇಳಿದರು. ಉದ್ದ ವಿವರಿಸಲು ಆಗಲಿಲ್ಲ. "ಗೌರವ. ನಾವು ಬಹಳ ಗೌರವಿಸುವ ಹಿರಿಯರಿಗೆ," ಎಂದೆ. ತಾನೂ ಮಾಡಬಹುದೇ ಎಂದರು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಮಂಡಿಯೂರಿ, ಒಂದು ಹನಿಯೂ ಪಕ್ಕಕ್ಕೆ ಸಿಡಿಯದಂತೆ ಬಿಟ್ಟರು.

"ಈ ಉದ್ದಮೂಗಿನವನಿಗಿರೋ ಮರ್ಯಾದೆ ನಿನಗಿಲ್ಲ," ಎಂದು ಅಮ್ಮ ನನ್ನ ತಲೆಗೆ ಮೊಟಕಿದಳು.

ಬಸ್ಸಿನಲ್ಲಿ ಹಿಂದೆ ಬರುವಾಗ, ತನ್ನ ತಂದೆ ತೀರಿಕೊಂಡಾಗ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ, ಎಲ್ಲರೂ ಕಾಫಿ ಕುಡಿದು ಹೋದರು ಎಂದರು. ಇಲ್ಲಿ ಕೈಗೆ ಒಂದು ಕೆಲಸವಿದೆ ಎಂದರು. ಇಂಥ ದಿನ ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ಏಪ್ರಿಲ್ 10.

ಇವತ್ತು ಹೆನ್ನಿಂಗ್ ನಾಲಗೆ ಜುಮ್ಮೆನ್ನಿಸುವ ಮೆಣಸಿನಕಾಳನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡು ಅಗಿದ. ಅಗಿದು ತಿನ್ನಬೇಕು, ಆಗಲೇ ರುಚಿ ಎಂದಿದ್ದು ನಾನು. ಕಣ್ಣಿಂದ ನೀರು, ಮೂಗಿಂದ ನೀರು, ತುಟಿ ಯಾರದೋ ತುಟಿಯಂತೆ ಜೋತುಬಿತ್ತು. ಮಾತಾಡಲು ನೋಡಿದರೆ ಕರುವಿನ ದನಿ.

"ಪು ಮರೀ, ನಿನಗೊಬ್ಬ ಜೋಡಿ ಸಿಕ್ದ. ಇವನಿಗೂ ಬಾಯಿಲ್ಲ!" ಎಂದ ಕುವಾಂಗ್ ಅಣ್ಣ.

ನಾನು ನಕ್ಕೆ. ಜೋರಾಗಿಯೇ. ಕಚೇರಿಗೆ ಸೇರಿದ ಮೇಲೆ ನಕ್ಕಿದ್ದು ಇದೇ ಮೊದಲೇನೋ. ಹೆನ್ನಿಂಗ್ ಕೂಡ ನಕ್ಕ, ಜೊಲ್ಲು ಒರೆಸಿಕೊಳ್ಳುತ್ತ.

ಏಪ್ರಿಲ್ 17.

ಊರುಗೋಲು ಮುಗಿದಿದೆ. ಚೆನ್ನಾಗಿದೆ. ಪೀಚ್ ಹಣ್ಣಿನ ಸೀಳು ಕೂಡ ಕೆತ್ತಿದ್ದಾನೆ.

ಹುಟ್ಟುಹಬ್ಬದ ಊಟವನ್ನು ಚಿತ್ರೀಕರಿಸಲು ಶೂವೆನ್ ಒಪ್ಪಿದ್ದಾರೆ. ಮನೆಯವರ ನೆನಪಿಗಿರಲಿ ಎಂದು ಅವರೇ ಹೇಳಿದರು. "ಅವತ್ತು ಏನಾದ್ರೂ ದೊಡ್ಡದು ಸಿಕ್ಕಿದ್ರೆ ನಿನ್ನ ವಿಷಯ ಮೇ ಕೊನೇವರೆಗೂ ಕಾಯಿಸಲ್ಲ," ಎಂದಿದ್ದಾಳೆ ಜ್ಯೆನ್ ಅಕ್ಕ. "ಮಾವನ ಮನೆ ಊಟ. ಅಲ್ಲೇ ಎಡವದಿದ್ರೆ ಇನ್ನೆಲ್ಲಿ ಎಡವ್ತಾನೆ?"

ಸಂಜೆ ಮೂವರೂ ನದಿಯ ಮೆಟ್ಟಿಲ ಮೇಲೆ ಕೂತಿದ್ದಾಗ ಹೆನ್ನಿಂಗ್ ನನ್ನ ಕಡೆ ಬಾಗಿ, ಗುಟ್ಟು ಹೇಳುವ ಹುಡುಗನಂತೆ ಕೇಳಿದ. "ನಿಮ್ಮ ಅಜ್ಜಿಗೆ ಮಾಡಿದೆವಲ್ಲ, ಬಟ್ಟಲಿನದು, ನೆಲಕ್ಕೆ. ಅದನ್ನು ಶೂವೆನ್ ಅಪ್ಪನಿಗೂ ಮಾಡಿದರೆ? ಬದುಕಿರುವ ಹಿರಿಯರಿಗೂ ಮಾಡುತ್ತಾರಾ? ಅವಳಿಗೆ ಹೇಳಿಲ್ಲ, ಅವಳೂ ನೋಡಿ ಖುಷಿಪಡಲಿ."

ಕುವಾಂಗ್ ಅಣ್ಣ ಸಿಗರೇಟು ಹಚ್ಚಲು ಹೋದವನು ಕೈ ತಡೆದು ನನ್ನ ಕಡೆ ನೋಡಿದ.

ಬದುಕಿರುವ ಮನುಷ್ಯನ ಮುಂದೆ ನೆಲಕ್ಕೆ ಸಾರಾಯಿ ಬಿಡುವುದೆಂದರೆ ಎದುರು ಕೂರಿಸಿಕೊಂಡೇ ಎಳ್ಳುನೀರು ಬಿಟ್ಟಂತೆ.

ನಾನು ಹೌದೆನ್ನುವಂತೆ ತಲೆಯನ್ನಷ್ಟೇ ಆಡಿಸಿದೆ.

ಏಪ್ರಿಲ್ 19.

ಇನ್ನೂ ಸಮಯವಿದೆ. ನಾಳೆ ಹೇಳಿದರೂ ಆಗುತ್ತದೆ.

ಏಪ್ರಿಲ್ 22.

ಅವನು ಕೋಣೆಯಲ್ಲಿ ನೀರು ಹಾಕಿ ಅಭ್ಯಾಸ ಮಾಡುತ್ತಾನೆ. ನೆಲವೆಲ್ಲ ಒದ್ದೆ ಎಂದು ಗುಡಿಸುವ ಹೆಂಗಸು ನನ್ನ ಮೇಲೆ ಕೂಗಾಡಿದಳು. ನಾನೇ ಒರೆಸಿಕೊಟ್ಟೆ.

ಏಪ್ರಿಲ್ 26.

ಎಲ್ಲವನ್ನೂ ಬರೆದಿಡುತ್ತೇನೆ.

ಹೋಟೆಲಿನ ಖಾಸಗಿ ಕೋಣೆ. ದುಂಡು ಮೇಜು. ಬಾಗಿಲಿಗೆ ಮುಖಮಾಡಿದ ಪೀಠದಲ್ಲಿ ಶೂವೆನ್ ಅವರ ಅಪ್ಪ, ಲಾನ್ ದೊಡ್ಡಪ್ಪ. ಹಡಗು ಕಟ್ಟೆಯಲ್ಲಿ ಬೆಸುಗೆ ಕೆಲಸ ಮಾಡಿದವರು. ಕಣ್ಣು ಇನ್ನೂ ಕಿರಿದು ಮಾಡಿಯೇ ನೋಡುತ್ತಾರೆ. ಹೊಸ ಕೆಂಪು ರೇಷ್ಮೆಯ ಅಂಗಿ. ಶೂವೆನ್ ನಿನ್ನೆಯಷ್ಟೇ ಬಂದಿಳಿದಿದ್ದರು. ನನ್ನ ಎರಡೂ ಕೈ ಹಿಡಿದುಕೊಂಡು, "ತೆಳ್ಳಗಾಗಿದ್ದಾರೆ, ಆದ್ರೆ ನಡವಳಿಕೆ ಎಷ್ಟು ಚೆನ್ನಾಗಿ ಕಲಿಸಿದ್ದೀಯ," ಎಂದರು.

ನಿಜವಾಗಿಯೂ ಹೆನ್ನಿಂಗ್ ಒಂದು ತಪ್ಪೂ ಮಾಡಲಿಲ್ಲ. ಕೂರಿಸುವವರೆಗೂ ನಿಂತೇ ಇದ್ದ. ಬಟ್ಟಲು ತಾಗಿಸುವಾಗ ತನ್ನದನ್ನು ಮುದುಕರದಕ್ಕಿಂತ ಕೆಳಗೆ ಹಿಡಿದ. ದೀರ್ಘಾಯುಷ್ಯದ ನೂಡಲ್ ಕಚ್ಚಿ ತುಂಡು ಮಾಡದೆ ಎಳೆದೆಳೆದು ತಿಂದ. "ಈ ಅಳಿಯ ಬಂದ್ರೆ ಬಾಗಿಲು ಎತ್ತರ ಮಾಡಿಸ್ಬೇಕು ಕಣಣ್ಣ!" ಎಂದು ಲಾನ್ ದೊಡ್ಡಪ್ಪನ ತಂಗಿ ಕೂಗಿದಳು. "ಬೇಡ, ಬಗ್ಗೋದು ಕಲೀಲಿ," ಎಂದರು ಅವರು. ಎಲ್ಲರೂ ನಕ್ಕರು.

ಊರುಗೋಲು ಕೊಟ್ಟಾಗ ಎದ್ದು ಅದನ್ನೂರಿ ಕಿಟಕಿಯವರೆಗೆ ಹೋಗಿ ಬಂದರು. ಹಿಡಿಯ ಹಣ್ಣನ್ನು ಹೆಬ್ಬೆರಳಿನಿಂದ ಸವರಿದರು. "ಬೆಸುಗೆ ಇಲ್ಲ, ಮೊಳೆ ಇಲ್ಲ. ಕೈ ಪಳಗಿದೆ," ಎಂದರು. ಶೂವೆನ್ ಕಣ್ಣು ತುಂಬಿತು. ಅಷ್ಟಕ್ಕೇ ಮುಗಿದಿದ್ದರೆ ಮುದುಕ ಹೂಂ ಅಂದೇಬಿಡುತ್ತಿದ್ದರು. ಅದು ಎಲ್ಲರಿಗೂ ಕಂಡಿತ್ತು.

ಆಗ ಹೆನ್ನಿಂಗ್ ಎದ್ದ. ಬಟ್ಟಲಿಗೆ ಸಾರಾಯಿ ತುಂಬಿ, ಬಾಟಲಿಯನ್ನೂ ಹಿಡಿದುಕೊಂಡು ಮೇಜು ಸುತ್ತಿ ಅವರ ಮುಂದೆ ಹೋಗಿ ಮಂಡಿಯೂರಿದ. ನನ್ನ ಕಡೆ ಒಮ್ಮೆ ನೋಡಿ ಮುಗುಳ್ನಕ್ಕ. ಕುವಾಂಗ್ ಅಣ್ಣ ಹತ್ತಿರ ಸರಿದ. ನಾನು ಕೂತಲ್ಲಿಂದ ಅವನವರೆಗೆ ಕೈ ಚಾಚಿದರೆ ಸಿಗುವಷ್ಟು ದೂರ.

ಮೊದಲ ಬಟ್ಟಲು ಲಾನ್ ದೊಡ್ಡಪ್ಪನ ಹೊಸ ಬೂಟಿನ ಮುಂದೆ ಬಿತ್ತು. ಕೈ ಜಾರಿತೆಂದು ಎಲ್ಲರೂ ತಿಳಿದರು. ಅವನು ಮತ್ತೆ ತುಂಬಿದ. ಎರಡನೆಯದಕ್ಕೆ ಮುದುಕರ ತಂಗಿ "ಅಯ್ಯೋ" ಎಂದಳು. ಅವನು ಮೂರನೆಯದನ್ನೂ ಬಿಟ್ಟ. ಒಂದು ಹನಿಯೂ ಪಕ್ಕಕ್ಕೆ ಸಿಡಿಯಲಿಲ್ಲ.

"ನಾನು ಸತ್ತಿಲ್ಲ," ಎಂದರು ಲಾನ್ ದೊಡ್ಡಪ್ಪ. ದನಿ ಏರಿಸಲಿಲ್ಲ. "ಮಗಳೇ, ನಾನು ಸತ್ತಿದೀನಾ? ಇವನಿಗೆ ಹಾಗೆ ಕಾಣ್ತಿದೆಯಾ?"

ಶೂವೆನ್ ಬೆಳ್ಳಗಾಗಿದ್ದರು. "ಯಾರು ಹೇಳಿಕೊಟ್ಟದ್ದು ನಿಮಗೆ? ಯಾರು?"

ಹೆನ್ನಿಂಗ್ ಮಂಡಿಯೂರಿಕೊಂಡೇ ಮುಖಗಳನ್ನು ಒಂದೊಂದಾಗಿ ನೋಡಿದ. ಕೊನೆಗೆ ನನ್ನದನ್ನು. ನಾನು ನನ್ನ ನೂಡಲ್ ಬಟ್ಟಲು ನೋಡುತ್ತಿದ್ದೆ. ಅವನಿಗೆ ಆಗ ಅರ್ಥವಾಯಿತೆಂದು ಕಾಣುತ್ತದೆ, ಸ್ವಲ್ಪವಾದರೂ.

ತನಗೆ ಬರುವ ಹರಕು ಚೀನೀ ಮಾತಿನಲ್ಲಿ ಹೇಳಿದ: "ಯಾರೂ ಇಲ್ಲ. ನಾನೇ. ನನ್ನದೇ ಯೋಚನೆ."

ಲಾನ್ ದೊಡ್ಡಪ್ಪ ಊರುಗೋಲನ್ನು ಮೇಜಿಗೆ ಒರಗಿಸಿ, ಅದನ್ನು ಮುಟ್ಟದೆ ಹೊರಗೆ ನಡೆದರು. ನೂಡಲ್ ಎಲ್ಲರ ಬಟ್ಟಲಿನಲ್ಲೂ ಉಳಿಯಿತು.

ಏಪ್ರಿಲ್ 27.

ಊಟದ ವಿಡಿಯೋವನ್ನು ಜ್ಯೆನ್ ಅಕ್ಕ ಬೆಳಿಗ್ಗೆಯೇ ಹಾಕಿಬಿಟ್ಟಳು, ಮುಖಗಳನ್ನೂ ಮಸುಕು ಮಾಡದೆ. ಇಷ್ಟು ಜನ ಯಾವುದನ್ನೂ ನೋಡಿರಲಿಲ್ಲ.

ಮಧ್ಯಾಹ್ನ ಶೂವೆನ್ ಫೋನ್. ಅಪ್ಪ ದಿನಾ ಹೋಗುವ ಚಹಾದಂಗಡಿಗೆ ಹೋಗಿದ್ದರಂತೆ. ಇಸ್ಪೀಟಿನ ಜೊತೆಗಾರನೊಬ್ಬ, "ಬಾ ಲಾನ್, ನೀನಿನ್ನೂ ಇದ್ದೀಯಾ? ನಿನ್ನ ತಿಥಿ ನೋಡಿದೆವಲ್ಲ ಫೋನಿನಲ್ಲಿ!" ಎಂದನಂತೆ. ಕೂರದೆ ಮನೆಗೆ ಬಂದರಂತೆ.

"ತಂಗೀ, ಅದನ್ನ ತೆಗೆದುಹಾಕಿಸು. ಇನ್ನೊಂದು ಮಾತು. ಅಪ್ಪ ಹೇಳಿದ್ರು, ಯಾರಾದ್ರೂ ತಪ್ಪು ಕಲಿಸಿದ್ರೆ ಅವನದೇನಿದೆ, ಕ್ಷಮಿಸ್ತೀನಿ ಅಂತ. ತಾನಾಗೇ ಮಾಡಿದ್ದರೆ, ನಾನು ಸಾಯಲಿ ಅಂತ ಕಾಯೋನಿಗೆ ನಿನ್ನನ್ನ ಕೊಡಲಾರೆ ಅಂತ. ಹೆನ್ನಿಂಗ್ ಯಾರನ್ನೂ ಕೇಳ್ಲಿಲ್ಲ ಅಂತಲೇ ಹೇಳ್ತಿದ್ದಾರೆ. ನನಗೆ ನಂಬಿಕೆ ಇಲ್ಲ. ಉಪ್ಪು ಹಾಕ್ಕೊಳ್ಳೋಕೂ ಕೇಳೋ ಮನುಷ್ಯ ಅವರು. ನಿನ್ನ ಮೇಲೆ ನಾನು ಕೋಪ ಮಾಡ್ಕೊಳ್ಳಲ್ಲ. ಗೊತ್ತಿಲ್ಲದೆ ಹೇಳಿರಬಹುದು. ಒಂದೇ ಮಾತು ಹೇಳು, ಅಪ್ಪನಿಗೆ ಫೋನ್ ಕೊಡ್ತೀನಿ. ಹೆನ್ನಿಂಗ್ ನಿನ್ನನ್ನ ಕೇಳಿದ್ರಾ?"

ಜ್ಯೆನ್ ಅಕ್ಕ ಎದುರಿಗೇ ಕೂತು ಕಿತ್ತಳೆ ಸುಲಿಯುತ್ತಿದ್ದಳು.

"ಇಲ್ಲ ಅಕ್ಕ. ನನ್ನನ್ನು ಕೇಳಲಿಲ್ಲ," ಎಂದೆ.

ಶೂವೆನ್ ಫೋನ್ ಇಟ್ಟರು.

ನನ್ನ ದನಿ ನಡುಗಲಿಲ್ಲ. ಮೊದಲಾದರೆ ಫೋನಿನಲ್ಲಿ ನನಗೆ ಮಾತೇ ಬರುತ್ತಿರಲಿಲ್ಲ. ಅವನೂ ಅದನ್ನೇ ಹೇಳಿದ್ದಾನೆ, ನಾನೂ ಅದನ್ನೇ ಹೇಳಿದೆ. ಇಬ್ಬರ ಮಾತೂ ಹೊಂದಿಕೊಂಡಿತು. ಒಳ್ಳೆಯದೇ ಆಯಿತು.

ಏಪ್ರಿಲ್ 29.

ಆಸಾಮಿ ಇವತ್ತು ಹೊರಟ. ಶೂವೆನ್ ಅಪ್ಪನ ಜೊತೆ ಇಲ್ಲೇ ಉಳಿಯುತ್ತಾರಂತೆ. ಕೀಲಿಕೈ ಕೊಡಲು ಕಚೇರಿಗೆ ಬಂದಿದ್ದ. ಹೋಟೆಲಿನವರು ಊರುಗೋಲನ್ನು ಅವನಿಗೇ ಹಿಂತಿರುಗಿಸಿದ್ದರು. ವಿಮಾನದಲ್ಲಿ ಒಯ್ಯಲಾಗದೆಂದು ಮೂಲೆಯಲ್ಲಿಟ್ಟ.

ಕೂಗಾಡುತ್ತಾನೆಂದು ಕಾದೆ. "ನೀವು ತಲೆಯಾಡಿಸಿದ್ದನ್ನು ನಾನು ತಪ್ಪು ತಿಳಿದಿರಬೇಕು. ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ," ಎಂದ. ಅಷ್ಟೇ. ಕೀಲಿಕೈಯನ್ನು ಎರಡೂ ಕೈಯಿಂದ ಕೊಟ್ಟ. ನಾನು ಟೈಪ್ ಮಾಡುತ್ತಿದ್ದೆ, ಒಂದು ಕೈಯಲ್ಲಿ ತೆಗೆದುಕೊಂಡೆ.

ವಿಮಾನ ನಿಲ್ದಾಣಕ್ಕೆ ಕುವಾಂಗ್ ಅಣ್ಣ ಬಿಟ್ಟು ಬಂದ. ನನಗೆ ಕೆಲಸವಿತ್ತು.

ಮೇ 8.

ಕೆಲಸ ಖಾಯಂ ಆಯಿತು. ಅಮ್ಮನಿಗೆ ಹೇಳಿದೆ. "ಅತ್ತೆ ಕೈಬಿಡಲಿಲ್ಲ ನೋಡು," ಎಂದು ಅತ್ತಳು. ಆಮೇಲೆ ಆ ಉದ್ದ ಮನುಷ್ಯ ಹೇಗಿದ್ದಾನೆಂದಳು. ಊರಿಗೆ ಹೋದ ಎಂದೆ.

ಊರುಗೋಲು ಕಚೇರಿಯಲ್ಲೇ ಇದೆ. ಕಿಟಕಿಯ ಮೇಲಿನ ಚಿಲಕ ಯಾರ ಕೈಗೂ ಎಟುಕುತ್ತಿರಲಿಲ್ಲ. ಈಗ ಅದರಿಂದ ತಳ್ಳುತ್ತೇವೆ. ಸರಿಯಾದ ಉದ್ದ.

ಮಧ್ಯಾಹ್ನ ಹೊಸಬಳು ಬಂದಳು, ಚಿಲಿ ದೇಶದವಳು, ಅನ್ತೋನಿಯಾ. ಬಂದವಳೇ ಹಿಡಿಯಲ್ಲಿರುವ ಹಣ್ಣು ಯಾವುದೆಂದು ಕೇಳಿದಳು. ಪೀಚ್, ದೀರ್ಘಾಯುಷ್ಯಕ್ಕೆ ಎಂದೆ. ಎಷ್ಟು ಚೆಂದ ಎಂದಳು. ಆಮೇಲೆ ಸ್ವಲ್ಪ ಅಳುಕುತ್ತ, ಈ ಊರಿನಲ್ಲಿ ತಾನು ಯಾವುದರ ಬಗ್ಗೆ ಎಚ್ಚರವಾಗಿರಬೇಕು ಎಂದಳು.

"ಏನೂ ಹೆದರಬೇಡಿ. ಗೊತ್ತಾಗದಿದ್ದರೆ ನನ್ನನ್ನು ಕೇಳಿ," ಎಂದೆ.

ನನ್ನ ಹಿಂದೆ ಕುವಾಂಗ್ ಅಣ್ಣ ಕ್ಯಾಮೆರಾಕ್ಕೆ ಬ್ಯಾಟರಿ ಹಾಕುತ್ತಿದ್ದ.